ಡ್ರ್ಯಾಗನ್ನಿಗೆ ಎಷ್ಟು ಕಣ್ಣು?

ಅಲ್ಲ ಕಣ್ರೀ, ಹಾಗಂತ ನಮ್ಮ ಭಾವ ಕೆಟ್ಟೋರು ಅಂತ ನಾನೆಲ್ಲಿ ಹೇಳಿದೆ? ಅಪ್ಪಟ ಅಪರಂಜಿ. ಬೇಕರಿ ಒಲೆ ಮುಂದೆ ನಿಂತೂ ನಿಂತೂ ಆ ಅಪರಂಜಿ ಸ್ವಲ್ಪ ಕಪ್ಪಾಗಿದೆ, ಅಷ್ಟೇ. ಆದ್ರೆ "ಬೂದಿ ಸಿಂಹಾಸನ" ಸೀರಿಯಲ್ ವಿಷ್ಯ ಬಂತೋ, ಮುಗೀತು! ಭಾವ ಹೋಗಿ ಸೇನಾಪತಿ ಆಗ್ಬಿಡ್ತಾರೆ. ಕೈಲಿರೋ ಲಟ್ಟಣಿಗೇನೂ ಕತ್ತಿ ಥರ ಹಿಡೀತಾರೆ.

ನಮ್ಮಕ್ಕ ಏನು ಕಮ್ಮಿನಾ? ಅವಳದ್ದು "ಬೂದಿಗೂ ಮುಂಚೆ" ಪಕ್ಷ. ಅದೇ ಸೀರಿಯಲ್ಲಿನ ಹಿಂದಿನ ಕತೆ ಅದು, ಹೋದ ವರ್ಷ ಶುರುವಾಗಿದ್ದು. ಸಿಂಹಾಸನ ಬೂದಿ ಆಗೋಕೆ ಮುಂಚೆ ಅದರ ಮೇಲೆ ಯಾರು ಕೂತಿದ್ರು, ಬೆಂಕಿ ಇಟ್ಟಿದ್ದು ಯಾರು, ಅದೆಲ್ಲ ತೋರಿಸ್ತಾರೆ. ಗಂಡ ಹೆಂಡ್ತಿ ಇಬ್ರೂ ಒಂದೇ ಮೇಜಿನ ಮೇಲೆ ಹಿಟ್ಟು ನಾದ್ತಾರಲ್ಲ, ದಿನಾ ಇದೇ ರಾಮಾಯಣ.

"ಮುಂದೇನಾಗುತ್ತೆ ಅಂತ ಗೊತ್ತಿರೋ ಕತೇನ ಯಾಕೆ ನೋಡ್ತೀಯೇ? ಆ ರಾಣಿ ಸಾಯ್ತಾಳೆ, ಆ ಡ್ರ್ಯಾಗನ್ ಸಾಯಲ್ಲ. ನಮ್ದ್ರಲ್ಲಿ ಎಲ್ಲಾ ಹೇಳಿ ಆಗಿದೆ!"

"ಬೆಳಗ್ಗೆ ಎದ್ದ ತಕ್ಷಣ ನೀವು 'ನನ್ನ ಕನ್ನಡಕ ಎಲ್ಲೇ' ಅಂತೀರ ಅನ್ನೋದೂ ನಂಗೊತ್ತು. ಹಾಗಂತ ನಾನು ಏಳೋದು ಬಿಟ್ಟಿದೀನಾ?"

"ನಮ್ದು ಆರು ಸೀಸನ್ ಕಣೆ! ಗಾಂಭೀರ್ಯ ಅಂದ್ರೆ ಅದು!"

"ಹೂಂ, ಗಾಂಭೀರ್ಯ! ಆರು ಸೀಸನ್ನೂ ಕಗ್ಗತ್ತಲು. ಯಾರು ಯಾರನ್ನ ಕೊಂದ್ರು ಅಂತ ನೋಡೋಕೆ ಟೀವಿ ಮೇಲೆ ಟಾರ್ಚ್ ಬಿಡ್ಬೇಕು. ರಾಣಿ ಅನ್ನಿಸ್ಕೊಂಡೋಳು ಕಿಟಕಿ ಹತ್ರ ನಿಂತು ನಿಟ್ಟುಸಿರು ಬಿಟ್ಟಿದ್ದೇ ಬಿಟ್ಟಿದ್ದು. ಕೊನೆಗೆ ಪಟ್ಟ ಕಟ್ಟಿದ್ದು ಯಾರಿಗೆ? ಅರಮನೆ ಅಡುಗೆಯವನಿಗೆ! ಥೂ!"

ಭಾವ ಎದೆ ಉಬ್ಬಿಸಿದ್ರು. "ಅದಕ್ಕೇ ಅದು ಮಹಾಕಾವ್ಯ! ಒಲೆ ಮುಂದೆ ನಿಂತವನಿಗೆ ಕಿರೀಟ ಇಟ್ಟಿದ್ದು ಪ್ರಪಂಚದಲ್ಲೇ ಅದೊಂದೇ ಸೀರಿಯಲ್!"

ಹೀಗಿರೋವಾಗ ಶಾಲೆ ಹೆಡ್‌ಮಿಸ್ ಫೋನ್ ಮಾಡಿದ್ರು. ಅವರ ಯಜಮಾನ್ರಿಗೆ ಎಪ್ಪತ್ತು ತುಂಬುತ್ತಂತೆ, ನಾಳೆ ಸಂಜೆ ಮನೇಲೇ ಪಾರ್ಟಿ. "ಅವರಿಗೆ ಬೂದಿ ಸಿಂಹಾಸನ ಅಂದ್ರೆ ಪ್ರಾಣ. ಅದ್ರಲ್ಲಿ ಡ್ರ್ಯಾಗನ್ ಬರುತ್ತಲ್ಲ, ಆ ಥರ ಒಂದು ಕೇಕ್ ಮಾಡ್ಕೊಡಿ. ಚೆನ್ನಾಗಿದ್ರೆ ನಮ್ಮ ಶಾಲೆ ಕ್ಯಾಂಟೀನಿಗೆ ವರ್ಷಪೂರ್ತಿ ಬನ್ನು ನಿಮ್ಮಲ್ಲೇ ತಗೋತೀನಿ" ಅಂದ್ರು.

ವರ್ಷಪೂರ್ತಿ ಬನ್ನು! ಎದುರುಗಡೆ ಸೂಪರ್‌ಮಾರ್ಕೆಟ್ ತೆಗೆದ ಮೇಲೆ ಬೇಕರಿಗೆ ಮನುಷ್ಯರು ಬಿಡಿ, ನೊಣ ಬರೋದೂ ಕಮ್ಮಿಯಾಗಿತ್ತು. ಈ ಆರ್ಡರ್ ತಪ್ಪಿದ್ರೆ ಒಲೆ ಆರಿಸಿ ಬೇರೆ ಕೆಲಸ ನೋಡ್ಬೇಕು, ಅಂಥ ಪರಿಸ್ಥಿತಿ. ಭಾವ ಏಪ್ರನ್ ಬಿಗಿದು ಘೋಷಣೆ ಮಾಡಿದ್ರು: "ನಾನು ಮಾಡೋ ಡ್ರ್ಯಾಗನ್ ನೋಡಿ ಜನ ಕೇಕ್ ಕತ್ತರಿಸೋಕೆ ಚಾಕು ಎತ್ಬಾರ್ದು, ಗುರಾಣಿ ಎತ್ಬೇಕು!"

"ಯಾವ ಡ್ರ್ಯಾಗನ್?" ಅಂದ್ಳು ಅಕ್ಕ.

ಅಲ್ಲಿಗೆ ಬಿತ್ತು ನೋಡಿ ಕಿಡಿ. ಯಾಕಂದ್ರೆ ಡ್ರ್ಯಾಗನ್ ಒಂದೇ, ಆದ್ರೆ ಹಳೇ ಸೀರಿಯಲ್ಲಲ್ಲಿ ಅದು ಮುದುಕ. ಬೂದು ಬಣ್ಣ, ಒಂದೇ ಕಣ್ಣು, ಹರಿದ ರೆಕ್ಕೆ. ಹೊಸದ್ರಲ್ಲಿ ಅದಕ್ಕೆ ಹರೆಯ! ಕೆಂಡದಂಥ ಬಣ್ಣ, ಎರಡೂ ಕಣ್ಣು ಫಳಫಳ, ಸೀನಿದ್ರೂ ಬೆಂಕಿ.

"ಹೆಡ್‌ಮಿಸ್ಸಿಗೇ ಫೋನ್ ಮಾಡಿ ಕೇಳ್ಬಹುದಲ್ಲ?" ಅಂತ ನಾನೇ ಹೇಳಿದೆ. ಇಬ್ರೂ ನನ್ನ ಹುಳು ನೋಡಿದ ಹಾಗೆ ನೋಡಿದ್ರು. ಕೇಳೋದು ಅಂದ್ರೆ ಇನ್ನೊಂದು ಡ್ರ್ಯಾಗನ್ನೂ ಲೆಕ್ಕಕ್ಕಿದೆ ಅಂತ ಒಪ್ಕೊಂಡ ಹಾಗಲ್ವಾ! ಸಾಯ್ತಾರೆ ಬೇಕಾದ್ರೆ, ಕೇಳಲ್ಲ.

ಮಾರನೇ ದಿನ ಬೆಳಗ್ಗೆ ಭಾವ ನಿಂಬೆ ಸಿಪ್ಪೆ ತುರಿದು ಹಾಕಿ ಸ್ಪಂಜ್ ಬೇಯಿಸಿದ್ರು. ಅದರ ಘಮಕ್ಕೆ ರಸ್ತೇಲಿ ಹೋಗೋರು ನಿಂತು ಮೂಸ್ತಾ ಇದ್ರು. ಮೈ, ಕತ್ತು, ಬಾಲ ಎಲ್ಲಾ ಕಡಿದು ಜೋಡಿಸಿ, ಬೂದು ಐಸಿಂಗ್ ಬಳಿದು, ಒಂದು ಕಡೆಗೆ ಕಣ್ಣಿಟ್ಟು ಇನ್ನೊಂದು ಕಡೆಗೆ ಗಾಯದ ಗೆರೆ ಎಳೆದ್ರು. ಹಿಂದೆ ಸರಿದು ನೋಡಿ ಅವರಿಗೇ ಕಣ್ಣಲ್ಲಿ ನೀರು. ಸರಿ, ಬ್ರೆಡ್ ತೆಗೆಯೋಕೆ ಒಲೆ ಹತ್ರ ಹೋದ್ರು.

ವಾಪಸ್ ಬಂದ್ರೆ ಡ್ರ್ಯಾಗನ್ನಿಗೆ ಎರಡು ಕಣ್ಣು! ಗಾಯದ ಮೇಲೆ ಒಂದು ಚೆರ್ರಿ ಕೂತು ಭಾವನ್ನೇ ದಿಟ್ಟಿಸ್ತಿದೆ!

"ಏನೇ ಇದು?"

"ಪಾಪ, ಗುಣ ಆಯ್ತು" ಅಂದ್ಳು ಅಕ್ಕ, ತಲೆ ಎತ್ತದೇನೇ.

ಭಾವ ಚೆರ್ರಿ ಕಿತ್ತು ಬಾಯಿಗೆ ಹಾಕ್ಕೊಂಡ್ರು. ಸಾಕ್ಷಿ ನಾಶ! ಅವರು ಆ ಕಡೆ ತಿರುಗಿದ್ರು, ಇವಳು ಮೈಗೆಲ್ಲ ಕೆಂಪು ಐಸಿಂಗ್ ಬಳಿದ್ಳು. ಇವಳು ಗಿರಾಕಿ ನೋಡೋಕೆ ಹೋದ್ಳು, ಅವರು ಅದರ ಮೇಲೆ ಬೂದು ಬಳಿದ್ರು. ಅವಳು ರೆಕ್ಕೆ ಅಂಟಿಸಿದ್ಳು, ಅವರು ರೆಕ್ಕೆ ಕಚ್ಚಿ ಹರಿದ್ರು. ಮಧ್ಯಾಹ್ನದ ಹೊತ್ತಿಗೆ ಭಾವನ ಹೊಟ್ಟೇಲಿ ಒಂದು ಡಬ್ಬ ಚೆರ್ರಿ, ಡ್ರ್ಯಾಗನ್ ಮೈಮೇಲೆ ಅಂಗೈ ದಪ್ಪ ಐಸಿಂಗ್! ಕೆಂಪು, ಬೂದು, ಕೆಂಪು, ಬೂದು, ಕೊನೆಗೆ ಎಲ್ಲಾ ಬಣ್ಣ ಮಸಿ ನುಂಗಿತು. ಅದೀಗ ಡ್ರ್ಯಾಗನ್ ಥರ ಇರ್ಲಿಲ್ಲ ಕಣ್ರೀ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡ ನೀರಾನೆ ಥರ ಇತ್ತು. ಮೂಗಿಗಿಂತ ಮೂಗುತಿ ಭಾರ ಆಗಿ ಕತ್ತು ಬೇರೆ ಮೆಲ್ಲಗೆ ವಾಲ್ತಾ ಇತ್ತು.

"ರೀ, ಟೈಮ್ ನೋಡಿ! ಬನ್ನು ಹೋಗುತ್ತೆ!" ಅಂತ ಅಕ್ಕ ಕಿರುಚಿದಾಗ ಇಬ್ರೂ ಐಸಿಂಗ್ ಚಮಚ ಕೆಳಗಿಟ್ರು. ತಕ್ಷಣ ಗಡಿ ಒಪ್ಪಂದ ಆಯ್ತು. ಮೂಗಿಂದ ಬಾಲದವರೆಗೆ ನಡುವೆ ಒಂದು ಗೆರೆ. ಎಡಗಡೆ ಭಾವಂದು: ಬೂದು, ಕುರುಡು, ಹರಕಲು. ಬಲಗಡೆ ಅಕ್ಕಂದು: ಕೆಂಪು, ಕಣ್ಣು, ಕಳೆ. ಒಂದೇ ದೇಹದಲ್ಲಿ ತಾತ ಮೊಮ್ಮಗ!

ಎತ್ಕೊಂಡು ಹೊರಟ್ರು. ಹೊರಟ್ರೆ, ಬಾಗಿಲಲ್ಲಿ ಹಿಡಿಸ್ತಾ ಇಲ್ಲ! ಓರೆ ಮಾಡಿದ್ರೆ ಕತ್ತು ಬೀಳುತ್ತೆ, ಐಸಿಂಗ್ ಸವರಿ ತೆಗೆದ್ರೆ ಒಪ್ಪಂದ ಬೀಳುತ್ತೆ. "ಸ್ಕ್ರೂಡ್ರೈವರ್ ತಾ!" ಅಂದ್ರು ಭಾವ. ಹೌದು ಸ್ವಾಮಿ, ಬಾಗಿಲನ್ನೇ ಬಿಚ್ಚಿದ್ರು! ಬಾಗಿಲಿಲ್ಲದ ಅಂಗಡಿಗೆ ಬಾಗಿಲಾಗಿ ನಿಂತೋಳು ನಾನು. ಅದಕ್ಕೇ ಮುಂದಿನದ್ದು ನಾನು ಕಣ್ಣಾರೆ ನೋಡಿಲ್ಲ. ಇಬ್ರೂ ಬೇರೆ ಬೇರೆ ಥರ ಹೇಳಿದ್ದನ್ನ ಸೇರಿಸಿ ಹೇಳ್ತಿದೀನಿ, ಅಷ್ಟೇ.

ಹೆಡ್‌ಮಿಸ್ ಮನೆ ಹಾಲಲ್ಲಿ ಮೇಜು ಗೋಡೆಗೆ ಒತ್ತಿ ಹಾಕಿದ್ರಂತೆ. ಅಂದ್ರೆ ಜನಕ್ಕೆ ಕಾಣೋದು ಒಂದೇ ಪಕ್ಕ! ಭಾವ ಕೇಕಿನ ಹಲಗೆ ಇಟ್ಟು ಬೂದು ಪಕ್ಕ ಮುಂದೆ ಮಾಡಿದ್ರು. ಅಕ್ಕ ನಗ್ತಾ ನಗ್ತಾ ಕೆಂಪು ಪಕ್ಕ ತಿರುಗಿಸಿದ್ಳು. ಭಾವನೂ ನಗ್ತಾ ನಗ್ತಾ ಮತ್ತೆ ತಿರುಗಿಸಿದ್ರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಹಲಗೆ ಬುಗುರಿ ಥರ ಗಿರ್ರನೆ ಒಂದು ಸುತ್ತು ಬಂತು ನೋಡಿ, ಕತ್ತು ಲಟಕ್! ಡ್ರ್ಯಾಗನ್ ತಲೆ ಗಾಳೀಲಿ ಹಾರಿ ಸೀದಾ ಎಪ್ಪತ್ತು ತುಂಬಿದ ಯಜಮಾನ್ರ ತೊಡೆ ಮೇಲೆ!

ಹಾಲಲ್ಲಿದ್ದೋರೆಲ್ಲ ಎದ್ದು ನಿಂತ್ರು.

"ಕೆಂಪು ಕಣ್ಣೇ ಮೇಲಿದೆ, ನೋಡಿ" ಅಂತ ಅಕ್ಕ ಭಾವನ ಕಿವೀಲಿ ಪಿಸುಗುಟ್ಟಿದ್ಳಂತೆ. ಅಂಥಾ ಹೊತ್ತಲ್ಲೂ!

ಯಜಮಾನ್ರು ರಿಟೈರಾದ ಲೈಬ್ರರಿಯನ್ನು. ಕನ್ನಡಕ ಸರಿ ಮಾಡ್ಕೊಂಡು ತೊಡೆ ಮೇಲಿದ್ದ ತಲೇನ ನೋಡಿದ್ರು. "ಏನಮ್ಮಾ ಇದು?"

"ಡ್ರ್ಯಾಗನ್ ಸಾರ್!" ಇಬ್ರೂ ಒಟ್ಟಿಗೆ. "ಬೂದಿ ಸಿಂಹಾಸನದ್ದು!"

"ಬೂದಿ ಸಿಂಹಾಸನದಲ್ಲಿ ಡ್ರ್ಯಾಗನ್ ಎಲ್ಲಿದೆ?"

"ಸಾರ್?"

"ಅದು ಪುಸ್ತಕ ಕಣ್ರೀ! ನಾನು ಓದಿ ನಲವತ್ತು ವರ್ಷ ಆಯ್ತು. ಅದ್ರಲ್ಲಿ ಡ್ರ್ಯಾಗನ್ನೇ ಇಲ್ಲ! ಆ ಟೀವಿಯೋರು ತಂದು ತುರುಕಿದ್ದು! ಅರಮನೆ ಸುಟ್ಟಿದ್ದು ಡ್ರ್ಯಾಗನ್ ಅಲ್ಲ, ಅಡುಗೆಯವನು ಒಲೆ ಆರಿಸೋದು ಮರೆತು!"

ಭಾವನ ಮುಖ ನೋಡ್ಬೇಕಿತ್ತಂತೆ, ಇಂಗು ತಿಂದ ಮಂಗ! ಆರು ಸೀಸನ್ ತಲೆ ಮೇಲೆ ಹೊತ್ಕೊಂಡು ಮೆರೆಸಿದ ಅಡುಗೆಯವನು ಬೆಂಕಿ ಇಟ್ಟ ಕಳ್ಳ! ಅಕ್ಕನಿಗೆ ನಗು ಬರ್ಬೇಕಿತ್ತು, ಬರ್ಲಿಲ್ಲ. ಅವಳ ಹರೆಯದ ಡ್ರ್ಯಾಗನ್ ಹುಟ್ಟೇ ಇಲ್ವಲ್ಲ! ಸೀರಿಯಲ್ ಹೋಯ್ತು, ಡ್ರ್ಯಾಗನ್ ಹೋಯ್ತು, ಬನ್ನೂ ಹೋಯ್ತು.

ಭಾವ ಕೈ ಮುಗಿದ್ರು. "ತಪ್ಪಾಯ್ತು ಸಾರ್. ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಳ್ಳದೆ ಇನ್ನೇನ್ ಮಾಡ್ತೀನಿ, ತೊಡೆ ಮೇಲೇ ಬಂದು ಬಿದ್ದಿದೆ" ಅಂತ ಯಜಮಾನ್ರು ಮುರಿದ ಕತ್ತಿನ ಒಳಗಿಂದ ಒಂದು ಚೂರು ಸ್ಪಂಜ್ ಕಿತ್ತು ಬಾಯಿಗಿಟ್ರು. ಅಗಿದ್ರು. ಕಣ್ಣು ಮುಚ್ಚಿದ್ರು. ಇನ್ನೊಂದು ಚೂರು. ಮತ್ತೊಂದು. ಆಮೇಲೆ ಬೆರಳಿಗಂಟಿದ ಐಸಿಂಗನ್ನ ತಟ್ಟೆ ಅಂಚಿಗೆ ಒರೆಸಿ ಹೇಳಿದ್ರಂತೆ: "ಒಳಗಿರೋದು ಅಮೃತ. ಈ ಮೇಲಿಂದೆಲ್ಲಾ ಟೀವಿಯೋರದ್ದು."

ಹೆಡ್‌ಮಿಸ್ಸೂ ಒಂದು ಚೂರು ತಿಂದ್ರು. ಯಜಮಾನ್ರನ್ನ ನೋಡಿದ್ರು, ತಲೆ ಇಲ್ಲದ ಡ್ರ್ಯಾಗನ್ ನೋಡಿದ್ರು, ಐಸಿಂಗಲ್ಲಿ ಮಿಂದು ನಿಂತ ಈ ಗಂಡ ಹೆಂಡ್ತಿನ ನೋಡಿದ್ರು. ತರಗತೀಲಿ ಗಲಾಟೆ ಮಾಡಿದೋರನ್ನ ಎಬ್ಬಿಸಿ ನಿಲ್ಸೋ ದನೀಲಿ ಅಂದ್ರು:

"ಸೋಮವಾರದಿಂದ ಬನ್ನು ಕಳಿಸಿ. ಆದ್ರೆ ಈಗ್ಲೇ ಹೇಳಿರ್ತೀನಿ, ಬನ್ನಿಗೆ ಕಣ್ಣು, ಮೂಗು, ರೆಕ್ಕೆ ಏನೂ ಬೇಡ. ದುಂಡಗಿದ್ರೆ ಸಾಕು!"

ಈಗ ಬೇಕರೀಲಿ ಪೂರಾ ಶಾಂತಿ ಅಂದ್ಕೊಂಡ್ರಾ? ಅದೇ ತಮಾಷೆ. ಇಬ್ರೂ ಆ ಪುಸ್ತಕ ತರಿಸಿ ಓದ್ತಾ ಇದಾರೆ, ಮದುವೆ ಆದಾಗಿಂದ ಮೊದಲ ಸಲ ಒಂದೇ ಪಕ್ಷ ಆಗಿದಾರೆ: "ಪುಸ್ತಕ ದಂಡ! ಸೀರಿಯಲ್ಲೇ ವಾಸಿ!" ನಂಬಿಕೆ ಇಲ್ದಿದ್ರೆ ನೀವೇ ಒಂದ್ಸಲ ಹೋಗಿ ಅವರನ್ನ ಮಾತಾಡಿಸಿ. ಸಂಜೆ ಹೊತ್ತು ಹೋದ್ರೆ ನಿಂಬೆ ಕೇಕೂ ಬಿಸಿಬಿಸಿ ಸಿಗುತ್ತೆ. ಯಾವ ಸೀರಿಯಲ್ ಚೆನ್ನಾಗಿದೆ ಅಂತ ಬೇಕಾದ್ರೂ ಕೇಳಿ, ಪರವಾಗಿಲ್ಲ. "ನಾನು ಪುಸ್ತಕ ಓದಿದೀನಿ" ಅಂತ ಮಾತ್ರ ಬಾಯಿ ಬಿಟ್ಟೀರ, ಜೋಕೆ! ನಾನು ಕಳಿಸಿದ್ದು ಅಂತಾನೂ ಹೇಳ್ಬೇಡಿ. ಹೋಗ್ಬನ್ನಿ.