ಬೇಲಿಯಿಲ್ಲದ ಡೇರೆ ಬೇಕಾಗಿದೆ

ಆಫ್ರಿಕಾದ ಖಾಸಗಿ ಕಾಡಿನಲ್ಲಿ ಐಷಾರಾಮಿ ಡೇರೆ ಆರಿಸುವ ಯೋಗ್ಯತೆ ಮದ್ದೂರು ತಾಲ್ಲೂಕಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಮಾತ್ರ ಎಂದು ಆ ಭಾನುವಾರ ಘೋಷಿಸಿಬಿಟ್ಟೆ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಹನ್ನೆರಡು ವರ್ಷದಿಂದ ಅಂಕಣ ಬರೆದು ಮಂತ್ರಿಯಿಂದ ನೀರುಗಂಟಿಯವರೆಗೆ ಎಲ್ಲರನ್ನೂ ಬೈದವನು ನಾನು. ಒಂದು ಡೇರೆ ಆರಿಸಲು ಬಾರದೇ?

ಕಂಟ್ರಾಕ್ಟರನಾದ ನನ್ನ ಭಾವಮೈದ ಶಿವರಾಜು, "ಭಾವ, ಖರ್ಚೆಲ್ಲ ನಂದು. ನೀವೂ ಅಕ್ಕನೂ ಬನ್ನಿ. ಕ್ಯಾಂಪ್ ಮಾತ್ರ ನೀವೇ ಆರ್ಸಿ" ಎಂದಿದ್ದ. ಕಂಟ್ರಾಕ್ಟರುಗಳ ಮೇಲಿನ ನನ್ನ ಅಂಕಣಗಳಿಗೆ ಆ ಕ್ಷಣದಿಂದಲೇ ರಜೆ!

ಮೂರು ದಿನ ಮೊಬೈಲಿಗೆ ಅಂಟಿಕೊಂಡೆ. ಒಂದು ಕ್ಯಾಂಪಿನ ಡೇರೆಯೊಳಗೆ ತಾಮ್ರದ ಸ್ನಾನದ ತೊಟ್ಟಿ. ಬೆನ್ನು ಉಜ್ಜಿಕೊಳ್ಳುತ್ತಲೇ ಆನೆ ನೋಡಬಹುದು. ಇನ್ನೊಂದರಲ್ಲಿ ನಮ್ಮದನ್ನು ಬಿಟ್ಟರೆ ಬೇರೆ ಜೀಪೇ ಇಲ್ಲ. ಮೂರನೆಯದಕ್ಕೆ ಬೇಲಿಯೇ ಇಲ್ಲ. ಚಿರತೆ ಡೇರೆ ಬಾಗಿಲಿಗೇ ಬಂದು ಹೋಗುತ್ತದಂತೆ. ಮನಸೋತೆ!

ಹೆಂಡತಿ ಶಿವನಂಜಮ್ಮ ಅಡುಗೆಮನೆಯಿಂದ ಕೂಗಿದಳು: "ರೀ, ಆಫ್ರಿಕಾ ಆಮ್ಯಾಕೆ. ಬೋರ್‌ವೆಲ್ ತಾವ ಚಿರತೆ ಎಜ್ಜೆ ಬಿದ್ದವೆ. ನಮ್ ಪ್ರಿಯಾಂಕ ಕಾಲೇಜ್ ಬಸ್ಸಿಗೆ ಕಬ್ಬಿನ್ ಗದ್ದೆ ನಡುವೇನೇ ಓಗ್ಬೇಕು. ಬೋನಿಗೆ ಅರ್ಜಿ ಬರೀರಿ ಅಂತ ಎಂಟ್ ದಿನದಿಂದ ಬಡ್ಕೋತಾ ಇವ್ನಿ!"

"ಬರೀತೀನಿ ಕಣೆ. ನಾನ್ ಬರೆದ್ರೆ ಅರಣ್ಯ ಇಲಾಖೆ ನಡುಗ್ಬೇಕು!"

"ಅದು ನಡುಗದು ಬ್ಯಾಡ, ಬೋನು ಬಂದ್ರೆ ಸಾಕು."

ಅಂದೇ ಎರಡು ಪತ್ರ ಬರೆದೆ, ಡೇರೆಗೊಂದು, ಬೋನಿಗೊಂದು. ಊರಿಗೆಲ್ಲ ಅರ್ಜಿ ಬರೆದುಕೊಟ್ಟು ಪಳಗಿದ ಕೈ. ದಿನಸಿ ಚೀಟಿಗೂ 'ಮಾನ್ಯರೇ' ಎಂದೇ ಶುರು ಮಾಡುತ್ತೇನೆ. ಹೀಗಾಗಿ ಎರಡೂ ಅವಳಿ ಮಕ್ಕಳಂತಿದ್ದವು. ವಾಟ್ಸಾಪಿನಲ್ಲಿ ಒಂದನ್ನು ಮದ್ದೂರಿನ ಟ್ರಾವೆಲ್ಸ್ ಅರ್ಬಾಜ್‌ಗೆ, ಇನ್ನೊಂದನ್ನು ಅರಣ್ಯ ಇಲಾಖೆಗೆ ಕಳಿಸಿ ಎದೆಯುಬ್ಬಿಸಿದೆ.

ಮರುದಿನ ಬೆಳಿಗ್ಗೆಯೇ ಅರ್ಬಾಜ್ ಫೋನು: "ಸಾರ್, ಆಫ್ರಿಕಾ ಕ್ಯಾನ್ಸಲ್ ಮಾಡ್ಬುಡಿ! ನಿಮ್ಮೂರಲ್ಲೇ ಬೇಲಿ ಇಲ್ಲ, ಚಿರತೆ ದಿನಾ ಮನೆ ತಂಕ ಬತ್ತದೆ ಅಂತ ಬರ್ದಿದ್ದೀರಲ್ಲ! ಅಲ್ಲಿಯೋರು ಇಷ್ಟ್ ಗ್ಯಾರಂಟಿ ಕೊಡಲ್ಲ ಸಾರ್. ಟೂರಿಸ್ಟ್ ಪಾರ್ಟಿ ಕಳಿಸ್ಲಾ?"

ಬೋನಿನ ಅರ್ಜಿ ಇವನಿಗೆ ಹೋಗಿದೆ! ಹಾಗಾದರೆ ಇಲಾಖೆಗೆ ಹೋದದ್ದು?

ಅದನ್ನು ಹೇಳಲು ಫಾರೆಸ್ಟ್ ವಾಚರ್ ಮಾದಯ್ಯನೇ ಬೈಕಿನಲ್ಲಿ ಬಂದ. ಹೆಂಡತಿ, ಮಗಳ ಎದುರಿಗೇ ಮೊಬೈಲ್ ತೆಗೆದು ಓದಿದ: "'ಮಾನ್ಯರೇ, ಚಿರತೆ ನಮ್ಮ ಹಾಸಿಗೆಯ ಸಮೀಪ ಬರಲೇಬೇಕು. ಬೇಲಿ ಯಾವ ಕಾರಣಕ್ಕೂ ಇರಕೂಡದು.' ಏನ್ ಸ್ವಾಮಿ ಇದು? ನಮ್ ತಾವ ಇರದು ಒಂದೇ ಬೋನು. ಸಾಹೇಬ್ರು ಇದ್ನ ಓದಿ, 'ಈ ಊರೋರ್ಗೆ ಚಿರತೆ ಬೇಕಂತೆ ಕಣಯ್ಯ, ಬೋನು ಬೆಳಕವಾಡಿ ಕಡೀಕೆ ಓಗ್ಲಿ' ಅಂದ್ಬುಟ್ರು."

"ಇಷ್ಟು ಊರಿಗೆ ಒಂದೇ ಬೋನೇ! ಅಂಕಣದಲ್ಲಿ ಸುಟ್ಟುಬಿಡ್ತೀನಿ!" ಎಂದು ಗುಡುಗಿದೆ.

ಪ್ರಿಯಾಂಕ ಬ್ಯಾಗು ಏರಿಸಿಕೊಂಡಳು. "ಅಪ್ಪಾ, ಆಫ್ರಿಕಾದಲ್ಲಿ ಚಿರತೆ ನೋಡೋರು ಜೀಪ್ ಮ್ಯಾಲೆ ಕೂತಿರ್ತಾರೆ. ನಾನು ನಡ್ಕೊಂಡ್ ಓಯ್ತೀನಿ."

ಹೊರಟೇಬಿಟ್ಟಳು. ಅವಳವ್ವ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, ಚಿರತೆ ಬೆದರಲೆಂದು ತಟ್ಟೆ ಬಡಿಯುತ್ತಾ ಹಿಂದೆಯೇ ಓಡಿದಳು; ನಮ್ಮ ನಾಯಿಯೂ ಓಡಿತು. ನನ್ನ ಗುಡುಗಿಗಿಂತ ಆ ತಟ್ಟೆಯ ಸದ್ದೇ ದೊಡ್ಡದಾಗಿತ್ತು.

ಆಫ್ರಿಕಾ ಅಲ್ಲಿಗೇ ಮುಗಿಯಿತು. ಹನ್ನೊಂದು ದಿನ, ನಾನು ಅಂಕಣದಲ್ಲಿ ಸುಡುತ್ತೇನೆಂದಿದ್ದ ಅದೇ ಅರಣ್ಯ ಇಲಾಖೆಯ ಸಾಹೇಬರ ಬಾಗಿಲಲ್ಲಿ ಕೈಕಟ್ಟಿ ನಿಂತೆ. ಅಷ್ಟರೊಳಗೆ ಪಕ್ಕದ ಮನೆಯ ಚಲುವಮ್ಮನ ಎರಡು ಮೇಕೆ ಮಾಯ. ಆ ಕಣ್ಣೀರನ್ನು ಯಾವ ಪತ್ರಿಕೆಯಲ್ಲಿ ಬರೆಯಲಿ? ಬರೆಯಬೇಕಾದವನು ಬರೆಯಬೇಕಾದಾಗ ಸ್ನಾನದ ತೊಟ್ಟಿ ಆರಿಸುತ್ತಿದ್ದ.

ಹನ್ನೆರಡನೇ ದಿನ ಟ್ರ್ಯಾಕ್ಟರಿನಲ್ಲಿ ಬೋನು ಬಂತು. ಇಳಿಸಿದ ಮಾದಯ್ಯ ಹಣೆ ಒರೆಸಿಕೊಂಡ.

"ಅಮ್ಮಾ, ಒಳಗೆ ಕಟ್ಟಕ್ಕೆ ಇಲಾಖೆ ಏನೂ ಕೊಡಾಕಿಲ್ಲ. ಚಿರತೆ ಬರ್ಬೇಕಂದ್ರೆ ನಾಯಿನೋ ಗೀಯಿನೋ, ಮನೇಲಿ ಕ್ಯಾಮೆ ಇಲ್ದೆ ಬಿದ್ದಿರದ್ನ ನೀವೇ ಕಟ್ಬೇಕು."

ಶಿವನಂಜಮ್ಮ ಒಮ್ಮೆ ನಮ್ಮ ನಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು, ಕಾಲಿನಿಂದ ತಲೆಯವರೆಗೆ, ಸಾವಕಾಶವಾಗಿ ನೋಡಿದಳು.

"ನಾಯಿ ಬ್ಯಾಡ ಕಣಪ್ಪ," ಎಂದಳು. "ಅದು ದಿನಾ ಮಗಳ ಇಂದೆ ಬಸ್ಸಿನ್ ತಂಕ ಓಯ್ತದೆ."