ಎರಡು ಪಟ್ಟಿ, ನಾಲ್ಕು ನೋವು

ಗುಟ್ಟು ಕಾಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ! ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನಾನು. ಯಾರ ಸೊಂಟ ವರ್ಷಕ್ಕೆಷ್ಟು ಇಂಚು ಹಿಗ್ಗಿತು ಎಂಬುದು ನನಗೂ ನನ್ನ ಟೇಪಿಗೂ ಮಾತ್ರ ಗೊತ್ತಿತ್ತು. ಅಂಥವಳು ಐವತ್ತೊಂದನೇ ವಯಸ್ಸಿನಲ್ಲಿ ಡಾಕ್ಟರಮ್ಮನ ಕೋಣೆಯಿಂದ ಹೊರಬರುತ್ತಾ ಘೋರ ಪ್ರತಿಜ್ಞೆ ಮಾಡಿದೆ: ಈ ಔಷಧಿಯ ವಿಷಯ ಒಂದು ನರಪಿಳ್ಳೆಗೂ ತಿಳಿಯಕೂಡದು!

ಆಗಿದ್ದಿಷ್ಟೇ. ಮುಟ್ಟು ನಿಂತಿತ್ತು, ಸೆಕೆ ಶುರುವಾಗಿತ್ತು. ಎಂಥ ಸೆಕೆ ಅಂತೀರಿ! ಕೂತಲ್ಲೇ ಎದೆಯಿಂದ ಬೆಂಕಿ ಎದ್ದು ಕಿವಿಯವರೆಗೂ ಏರುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ತಾಳ್ಮೆಯಿಲ್ಲ. ಒಂದೇ ವಾರದಲ್ಲಿ ಮೂರು ಅಂಗಿಗಳ ಎಡತೋಳನ್ನು ಬಲಕ್ಕೆ ಹೊಲಿದೆ, ಬೈಗುಳ ಮಾತ್ರ ಅಂಗಡಿಯ ಕಟಿಂಗ್ ಮಾಸ್ಟರಿಗೆ, ಅಂದರೆ ನಮ್ಮವರಿಗೆ ಸಂದಾಯವಾಯಿತು.

ಡಾಕ್ಟರಮ್ಮ ಕೊಟ್ಟದ್ದು ಹಾರ್ಮೋನಿನ ಪಟ್ಟಿ. ಬೆಂಕಿಪೊಟ್ಟಣದಷ್ಟಗಲ, ಒಂದು ಕಡೆ ಅಂಟು. "ವಾರಕ್ಕೆ ಎರಡು ಸಲ ಬದಲಾಯಿಸಿ. ಸೊಂಟದ ಕೆಳಗೆ, ಎಣ್ಣೆ ಪೌಡರ್ ಏನೂ ಇಲ್ಲದ ಒಣ ಚರ್ಮಕ್ಕೆ ಅಂಟಿಸಿ. ಪ್ರತಿಸಲ ಜಾಗ ಬದಲಾಗ್ಲಿ. ಎದೆಗಂತೂ ಬೇಡವೇ ಬೇಡ. ಗರ್ಭಕೋಶ ಇದೆಯಲ್ಲ, ಅದಕ್ಕೆ ಈ ಮಾತ್ರೇನೂ ಜೊತೆಗೆ ತಪ್ಪದೆ ತಗೊಳ್ಳಿ. ರಕ್ತ ಗಿಕ್ತ ಕಂಡ್ರೆ ನನ್ನ ಹತ್ರ ಬನ್ನಿ. ತೆಗೆದ ಪಟ್ಟಿನ ಅಂಟು ಒಳಗಾಗೋ ಹಾಗೆ ಮಡಚಿ ಬಿಸಾಕಿ. ಮುಖ್ಯ, ಬೇರೆ ಯಾರೂ ಇದನ್ನ ಮುಟ್ಟಬಾರ್ದು. ಮನೆಯವರಿಗೆ ಹೇಳಿಡಿ."

"ಅಳತೆ, ಅಂಟು, ಮಡಿಕೆ, ಇದೆಲ್ಲ ನಂಗೇ ಹೇಳ್ಕೊಡ್ತೀರಾ ಡಾಕ್ಟ್ರೇ?" ಎಂದು ನಕ್ಕು ಬಂದೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದೆ, ಕೊನೆಯ ಆ ಒಂದು ಮಾತನ್ನು ಬಿಟ್ಟು.

"ಏನೇ ಅದು ಸೊಂಟದ ಮೇಲೆ?" ಎಂದು ನಮ್ಮವರು ಕೇಳಿಯೇ ಬಿಟ್ಟರು.

"ಸೊಂಟನೋವಿನ ಪಟ್ಟಿ ರೀ."

"ಕೆಲಸ ಮಾಡುತ್ತಾ?"

"ಏನ್ ಕೇಳ್ತೀರಾ! ದಿವ್ಯೌಷಧಿ!"

ಆ ಉತ್ಸಾಹ ಬೇಡವಾಗಿತ್ತು. ಆದರೆ ಏನು ಮಾಡಲಿ, ಕೆಲವೇ ವಾರಗಳಲ್ಲಿ ಸೆಕೆ ಇಳಿದು ನಿದ್ದೆ ಬಂದಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಜೀವ ಹಗುರಾಗುತ್ತದೆ. ಮಧ್ಯಾಹ್ನದ ಬಿಸಿಲು ಕಟಿಂಗ್ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅವರು ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಗುನುಗುತ್ತಿದ್ದರು, ನಾನು ಹೊಲಿಯುತ್ತಲೇ ತಾಳ ಹಾಕುತ್ತಿದ್ದೆ. ಈಗ ಆ ಅಂಗಡಿಯೂ ಇಲ್ಲ, ಆ ಮೇಜೂ ಇಲ್ಲ.

ಒಂದು ಗುರುವಾರ ಗುಂಡಿ, ದಾರ ತರಲು ಪೇಟೆಗೆ ಹೋಗಿ ಬಂದು, ಹೊಸ ಪಟ್ಟಿ ಹಾಕೋಣವೆಂದು ಡಬ್ಬಿ ತೆರೆದರೆ ಎರಡು ಕಡಿಮೆ! ಕಟಿಂಗ್ ಮೇಜಿನ ಮೇಲೆ ಹರಿದ ಲಕೋಟೆಗಳು, ಪಕ್ಕದಲ್ಲೇ ಕತ್ತರಿ.

"ರೀ, ನನ್ನ ಪಟ್ಟಿ?"

"ಬೆಳಗ್ಗೆಯಿಂದ ನಂಗೆ ಬೆನ್ನು ಹಿಡ್ಕೊಂಡಿತ್ತು ಕಣೇ. ನಿನ್ನ ದಿವ್ಯೌಷಧಿ ಹಾಕ್ಕೊಂಡೆ," ಎಂದರು ಹೆಮ್ಮೆಯಿಂದ. "ಪೂರ್ತಿ ಯಾಕೆ ದಂಡ ಮಾಡ್ಲಿ? ಎರಡನ್ನ ಕತ್ತರಿಸಿ ನಾಲ್ಕು ಮಾಡ್ದೆ. ಒಂದು ನಂಗೆ, ಒಂದು ಇಸ್ತ್ರಿಯವನ ಭುಜಕ್ಕೆ, ಒಂದು ಗಡಿಯಾರದವರ ಕುತ್ತಿಗೆಗೆ, ಇನ್ನೊಂದು ನಿಮ್ಮಮ್ಮನ ಮಂಡಿಗೆ!"

ಒಂದು ಬೆರಳಗಲ ಬಟ್ಟೆ ಉಳಿದರೂ ಅದರಲ್ಲಿ ಜೇಬು ತೆಗೆಯುತ್ತಿದ್ದ ಮಹಾನುಭಾವರು. ಔಷಧಿಯಲ್ಲೂ ಜೇಬು ತೆಗೆದಿದ್ದರು!

"ಅಯ್ಯೋ! ಅದು ಸೊಂಟನೋವಿಂದಲ್ಲ ರೀ! ಹೆಂಗಸರ ಹಾರ್ಮೋನು!"

ನಮ್ಮವರ ಕೈ ತಟಕ್ಕನೆ ಮೀಸೆಗೆ ಹೋಯಿತು. "ಇದು ಉದುರುತ್ತೇನೇ?"

"ಮೀಸೆ ಹಾಳಾಗ್ಲಿ, ಮೊದ್ಲು ಬೆನ್ನು ತೋರ್ಸಿ!" ಎಂದು ಪಟ್ಟಿ ಕಿತ್ತು, ಬಚ್ಚಲಿಗೆ ತಳ್ಳಿ ಸೋಪು ಕೈಗೆ ಕೊಟ್ಟು, ಡಾಕ್ಟರಮ್ಮನಿಗೆ ಫೋನು ಮಾಡಿದೆ. "ಗಂಡಸರಿಗೆ ಅರ್ಧ ದಿನದಲ್ಲಿ ಏನೂ ಆಗಲ್ಲ, ತೆಗೆದು ತೊಳೀಲಿ," ಎಂದರು ಅವರು. "ನಿಮ್ಮ ತಾಯಿಗೆ ಯಾವಾಗಾದ್ರೂ ರಕ್ತ ಹೆಪ್ಪುಗಟ್ಟಿತ್ತಾ?"

"ಕಾಲಲ್ಲಿ ಒಂದ್ಸಲ ಆಗಿತ್ತು ಡಾಕ್ಟ್ರೇ. ಹತ್ತು ವರ್ಷದ ಹಿಂದೆ."

"ಹಾಗಾದ್ರೆ ಈ ಹಾರ್ಮೋನಿಂದ ಮತ್ತೆ ಹೆಪ್ಪುಗಟ್ಟಬಹುದು. ಮೊದ್ಲು ಅವರದ್ದು ತೆಗೀರಿ. ಈಗಲೇ!"

ಅಮ್ಮನ ಮನೆ ಎರಡು ಬೀದಿಯಾಚೆ. ಅವಳ ಬಳಿ ಫೋನಿಲ್ಲ. ಬಾಯಿಗೆ ಬಂದ ಜೀವವನ್ನು ಹಿಡಿದುಕೊಂಡು ಓಡಿದೆ. ಇಸ್ತ್ರಿ ಅಂಗಡಿ, ಗಡಿಯಾರದಂಗಡಿ ಎರಡೂ ದಾರಿಯಲ್ಲೇ ಇದ್ದವು, ನಿಲ್ಲಲು ಪುರುಸೊತ್ತಿಲ್ಲದೆ ಇಸ್ತ್ರಿಯವನತ್ತ ಕೂಗಿದೆ.

"ಅಣ್ಣಾ, ಆ ಪಟ್ಟಿ ತೆಗೀರಿ!"

"ಯಾಕಕ್ಕಾ? ಭುಜ ಹೂವಿನ ಹಾಗಿದೆ. ತೆಗೆಯಲ್ಲ!"

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿದ ಭೂತಗಾಜನ್ನೂ ತೆಗೆಯದೆ, "ನನ್ನ ಕುತ್ತಿಗೇನೂ ತಿರುಗ್ತಾ ಇದೆಯಮ್ಮಾ!" ಎಂದು ತಿರುಗಿಸಿ ತೋರಿಸಿದರು.

"ಅದು ನೋವಿಂದಲ್ಲ ಕಣ್ರೋ!" ನಡುಬೀದಿಯಲ್ಲಿ ಓಡುತ್ತಲೇ ಗಂಟಲು ಹರಿಯುವಂತೆ ಕೂಗಿದೆ. "ಮುಟ್ಟು ನಿಂತೋರಿಗೆ ಕೊಡೋದು! ನಂದು! ನಂಗೇ ನಿಂತಿರೋದು!"

ಇಸ್ತ್ರಿ ಪೆಟ್ಟಿಗೆ ನಿಂತಿತು. ಗಡಿಯಾರಗಳೂ ನಿಂತವೇನೋ! ಮೇಲಿನ ಕಿಟಕಿಗಳು ಮಾತ್ರ ಒಂದೊಂದಾಗಿ ತೆರೆದುಕೊಂಡವು. ಎರಡು ಪಟ್ಟಿ ಪರಪರ ಕಿತ್ತ ಸದ್ದು ಬೆನ್ನ ಹಿಂದೆ ಕೇಳಿಸಿತು. ನನ್ನ ಮಾನ ಹೋದದ್ದು ನನಗಾಗ ಗೊತ್ತೇ ಆಗಲಿಲ್ಲ. ಕಣ್ಣ ಮುಂದೆ ಇದ್ದದ್ದು ಅಮ್ಮನ ಕಾಲೊಂದೇ.

ಅಮ್ಮ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದಳು. ಮಂಡಿಯ ಮೇಲೆ ನನ್ನ ಅರ್ಧ ಗುಟ್ಟು! ಕಿತ್ತು, ಮಡಚಿ, ಸೋಪು ಹಾಕಿ ತೊಳೆದೆ. ಮೀನಖಂಡ ಒತ್ತಿ ನೋಡಿದೆ. ಊತವಿಲ್ಲ, ನೋವಿಲ್ಲ, ಉಸಿರು ಸಲೀಸು. ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟೆ.

"ಯಾಕೇ ಹುಡುಗಿ, ಏನಾಯ್ತೀಗ?"

ಎಲ್ಲ ಹೇಳಿದೆ. ಸೆಕೆ, ಸಿಟ್ಟು, ನಿದ್ದೆಯಿಲ್ಲದ ರಾತ್ರಿಗಳು, ಸುಳ್ಳು, ಒಂದನ್ನೂ ಬಿಡಲಿಲ್ಲ.

"ಆ ಸೆಕೆಗೆ ಔಷಧಿ ಇದೆಯೇನೇ?" ಎಂದಳು ಅಮ್ಮ ಕೊನೆಗೆ.

ಆಗ ನನಗೆಲ್ಲ ನೆನಪಾಯಿತು. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಮ್ಮ ಚಳಿಗಾಲದಲ್ಲೂ ಕಿಟಕಿಗಳನ್ನು ದಢಾರೆಂದು ತೆರೆಯುತ್ತಿದ್ದಳು. ಕಾರಣವೇ ಇಲ್ಲದೆ ಪಾತ್ರೆ ಕುಕ್ಕುತ್ತಿದ್ದಳು. ಅಪ್ಪ ಮಾತಾಡದೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ನನ್ನ ಲೆಕ್ಕದ ಅಂಕಗಳಿಗೇ ಅಮ್ಮನಿಗೆ ಸಿಟ್ಟು ಎಂದುಕೊಂಡು ನಾನು ಅಪ್ಪನ ಪಕ್ಕ ಹೋಗಿ ಕೂರುತ್ತಿದ್ದೆ. ನಾವಿಬ್ಬರೂ ಅಪರಾಧಿಗಳಂತೆ ಬೀದಿ ನೋಡುತ್ತಿದ್ದೆವು. ಅವಳಿಗೆ ಏನಾಗಿದೆಯೆಂದು ಒಬ್ಬರೂ ಒಂದು ಸಲವೂ ಕೇಳಲಿಲ್ಲ.

"ಇದೆಯಮ್ಮ. ನಿಂಗೆ ಆಗ ಸಿಗಲಿಲ್ಲ ಅಷ್ಟೆ."

ಅಮ್ಮ ಗೋಡೆಯ ಮೇಲಿದ್ದ ಅಪ್ಪನ ಪಟದ ಕಡೆ ತಿರುಗಿದಳು. "ಆರು ವರ್ಷ ಕಣೇ! ಆರು ವರ್ಷ ಎಲ್ಲಾ ಆ ಮನುಷ್ಯಂದೇ ತಪ್ಪು ಅಂದ್ಕೊಂಡಿದ್ದೆ! ಪಾಪ, ಅವ್ರೂ ಹಾಗೇ ಅಂದ್ಕೊಂಡು ಹೋಗ್ಬಿಟ್ರು." ಕಣ್ಣೊರೆಸಿಕೊಂಡು ನನ್ನ ಕಿವಿ ಹಿಂಡಿದಳು. "ನೀನಾದ್ರೂ ಮೊದ್ಲು ಹೋಗಿ ನಿನ್ನ ಗಂಡನಿಗೆ ಬಾಯ್ಬಿಟ್ಟು ಹೇಳು!"

ಬಾಗಿಲಲ್ಲಿ ಏದುಸಿರು ಕೇಳಿಸಿತು. ನಮ್ಮವರು ಒದ್ದೆ ಅಂಗಿಯಲ್ಲಿ, ಮೀಸೆಯ ಮೇಲೆ ಸೋಪಿನ ನೊರೆಯೊಂದಿಗೆ ನಿಂತಿದ್ದರು.

"ಹೇಳಿದ್ದಾಳೆ ಅತ್ತೆ," ಎಂದರು. "ಇಡೀ ಬೀದಿಗೇ ಹೇಳಿದ್ದಾಳೆ. ಅಂಗಡಿ ಮುಂದೆ ಆಗ್ಲೇ ಐದು ಜನ ಹೆಂಗಸರು ನಿಂತಿದ್ದಾರೆ, ಒಬ್ಬರ ಕೈಯಲ್ಲೂ ಬಟ್ಟೆ ಇಲ್ಲ. ಎಲ್ಲರಿಗೂ ಡಾಕ್ಟರ ವಿಳಾಸ ಬೇಕಂತೆ!"