ಮೀನಿಗೆ ಗಾಳಿ ಹಾಕಿದ ಭಾನುವಾರ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಪ್ರೋದಾನ್ ನಾಲ್ಕನೆಯ ಮಹಡಿಯ ರುಮಿಯಾನಾಳ ಮನೆಯಲ್ಲಿ ಗಾಜಿನ ತೊಟ್ಟಿಯ ಮುಂದೆ ಕೂತು, ಮೀನುಗಳು ಸಾಯುತ್ತಿವೆ ಎಂಬ ತೀರ್ಮಾನಕ್ಕೆ ಬಂದ. ನಾಲ್ಕೂ ಮೀನು ಒಂದಾದ ಮೇಲೊಂದು ಮೇಲಕ್ಕೆ ಬರುವುದು, ನೀರಿನಿಂದಾಚೆ ಬಾಯಿ ಚಾಚಿ ಗುಳುಕ್ ಎನ್ನುವುದು, ಕೆಳಗಿಳಿಯುವುದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಪ್ರೋದಾನ್ ಗಡಿಯಾರ ರಿಪೇರಿ ಮಾಡುವವನು. ವಯಸ್ಸು ನಲವತ್ತೊಂದು, ಮದುವೆಯಿಲ್ಲ. ರೂಸೆ ಪಟ್ಟಣದಲ್ಲಿ ಟ್ರಾಲಿಬಸ್ ಓಡಿಸುವ ರುಮಿಯಾನಾ, ತಂಗಿಯ ಮಗುವಿನ ನಾಮಕರಣಕ್ಕೆಂದು ವಾರ್ನಾ ಊರಿಗೆ ಹೊರಟಾಗ ಇಡೀ ಕಟ್ಟಡದಲ್ಲಿ ಬೇರೆ ಯಾರಿಗೂ ಕೊಡದೆ ಅವನಿಗೇ ಬೀಗದ ಕೈ ಕೊಟ್ಟಿದ್ದಳು. "ಬೆಳಿಗ್ಗೆ ಒಂದು ಚಿಟಿಕೆ ಕಾಳು ಹಾಕಿ. ಬೇರೇನೂ ಮಾಡೋದು ಬೇಡ" ಎಂದಿದ್ದಳು. ಮೂರು ವರ್ಷದಿಂದ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ನಮಸ್ಕಾರದಾಚೆಗೆ ಒಂದು ಮಾತಾಡಲೂ ಧೈರ್ಯ ಸಾಲದವನಿಗೆ ಆ ಬೀಗದ ಕೈ ಸಿಕ್ಕಿದ್ದೇ ಅರ್ಧ ಮದುವೆಯಾದಂತಾಗಿತ್ತು. ಈಗ ಅವಳು ಬಂದಾಗ ನಾಲ್ಕು ಹೆಣ ಒಪ್ಪಿಸುವುದೆ?

ಫೋನ್ ಮಾಡಿದ. ಅವಳು ಚರ್ಚಿನಲ್ಲಿದ್ದಿರಬೇಕು, ಫೋನ್ ಆಫ್ ಆಗಿತ್ತು. ಎದುರು ಮನೆಯ ಗಾಂಚೊನ ಬಾಗಿಲು ಬಡಿದ. ಡ್ಯಾನ್ಯೂಬ್ ನದಿಯ ದೋಣಿಗಳಲ್ಲಿ ಮೂವತ್ತು ವರ್ಷ ಎಂಜಿನ್ ನೋಡಿಕೊಂಡು ನಿವೃತ್ತನಾದ ಗಾಂಚೊ, ಚಪ್ಪಲಿಯಲ್ಲೇ, ಕಾಫಿ ಬಟ್ಟಲು ಹಿಡಿದೇ ಬಂದ. ಬಗ್ಗಿ ನೋಡಿದ.

"ಉಸಿರು ಕಟ್ಟಿದೆ ಕಣಯ್ಯಾ. ನೀರು ನೋಡು, ಕನ್ನಡಿ ಇದ್ದ ಹಾಗಿದೆ. ಮೇಲೆ ಅಲೆ ಎದ್ರೆ ತಾನೇ ಗಾಳಿ ಒಳಗೆ ಹೋಗೋದು? ಫಿಲ್ಟರಿನ ಕೊಳವೆ ಪೂರ್ತಿ ಮುಳುಗಿ ಕೂತಿದೆ. ಮೇಲಕ್ಕೆತ್ತು."

"ಎಷ್ಟು ಎತ್ಲಿ ಮಾವ?"

"ಅಲೆ ಏಳೋವಷ್ಟು."

ಪ್ರೋದಾನ್ ಎತ್ತಿದ. ನೀರು ಚಿಮ್ಮಿ ಎದುರು ಗೋಡೆಯಲ್ಲಿದ್ದ ರುಮಿಯಾನಾಳ ಅಜ್ಜಿಯ ಪಟದ ಮುಖಕ್ಕೇ ಬಡಿಯಿತು.

"ಸ್ವಲ್ಪ ಜಾಸ್ತಿ ಆಯ್ತು" ಎಂದ ಗಾಂಚೊ, ಕಾಫಿ ಹೀರುತ್ತಾ.

ಇಳಿಸಿದರೆ ಅಲೆಯೇ ಇಲ್ಲ, ಎತ್ತಿದರೆ ಅಜ್ಜಿಗೆ ಅಭಿಷೇಕ. ಕೂದಲೆಳೆಯಂಥ ಸ್ಪ್ರಿಂಗನ್ನು ಕಣ್ಣಳತೆಯಲ್ಲೇ ಕೂರಿಸುವ ಪ್ರೋದಾನನಿಗೆ ಇವೆರಡರ ನಡುವಿನ ಜಾಗ ಮಾತ್ರ ಸಿಗಲೇ ಇಲ್ಲ.

ಗಲಾಟೆ ಕೇಳಿ ಎರಡನೆಯ ಮಹಡಿಯ ಸ್ತಾಂಕಾ ಹತ್ತಿ ಬಂದಳು. ಕೈಯಲ್ಲಿ ಸೌಟಿತ್ತು.

"ಇದಕ್ಕೆಲ್ಲ ಮೋಟಾರು ಯಾಕೋ? ಬಿಸಿ ಸಾರು ಆರಿಸ್ತೀವಲ್ಲ, ಹಾಗೆ ಎತ್ತಿ ಎತ್ತಿ ಸುರಿ. ಗಾಳಿ ತಾನಾಗೇ ಸೇರ್ಕೊಳತ್ತೆ."

ಪ್ರೋದಾನ್ ಅವಳ ಸೌಟು ಇಸಿದುಕೊಂಡು ಎತ್ತಿ ಎತ್ತಿ ಸುರಿಯತೊಡಗಿದ. ಮೀನುಗಳು ಸೌಟಿಗೆ ಹೆದರಿ ಮೂಲೆ ಸೇರಿದವು. ಐದು ನಿಮಿಷ ಕಳೆದ ಮೇಲೆ ಒಂದು ಹೇಗೋ ನುಸುಳಿಕೊಂಡು ಮೇಲೆ ಬಂದು ಗುಳುಕ್ ಎಂದಿತು.

"ಇನ್ನೂ ಜೋರಾಗಿ" ಎಂದಳು ಸ್ತಾಂಕಾ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಟ್ಟಡವೆಲ್ಲ ಹರಡಿತ್ತು. ಐದನೆಯ ಮಹಡಿಯ ಹೊಸ ದಂಪತಿಗಳು ಸಮುದ್ರತೀರದಲ್ಲಿ ಗಾಳಿಹಾಸಿಗೆ ಉಬ್ಬಿಸುವ ಪಂಪು ತಂದರು.

"ಅಲೆಯಿಂದ ಏನೂ ಆಗಲ್ಲ. ಗುಳ್ಳೆ ಬೇಕು" ಎಂದ ಗಂಡ.

"ಗುಳ್ಳೆ ಮೇಲೆ ಬಂದು ಒಡೆದಾಗ ಏಳೋದೇನು? ಅಲೆ ತಾನೇ?" ಎಂದ ಗಾಂಚೊ.

"ಹಾಗಾದ್ರೆ ಗುಳ್ಳೆ ಬೇಕು ಅಂತಾಯ್ತಲ್ಲ."

"ಅಲೆ ಬೇಕು ಅಂತಾಯ್ತು."

ಯಾರು ಯಾರ ಪಕ್ಷ ಎಂಬುದೇ ಪ್ರೋದಾನನಿಗೆ ತಿಳಿಯಲಿಲ್ಲ. ಇಬ್ಬರಿಗೂ ತಲೆಯಾಡಿಸಿ ಪಂಪು ಒತ್ತಿದ. ತಳದ ಮರಳು, ಗಿಡ, ಮಣ್ಣು ಎಲ್ಲ ಒಟ್ಟಿಗೆ ಎದ್ದು ತೊಟ್ಟಿ ರಾಡಿಯಾಯಿತು. ಮೀನು ಕಾಣಿಸಲಿಲ್ಲ. ಕೋಣೆ ತುಂಬಿದ್ದವರೆಲ್ಲ ಉಸಿರು ಬಿಗಿಹಿಡಿದರು. ರಾಡಿಯ ನಡುವಿನಿಂದ ಒಂದು ಬಾಯಿ ಮೇಲೆ ಬಂತು. ಗುಳುಕ್.

"ಬದುಕಿದೆ" ಎಂದರು ಕೆಲವರು. "ಸಾಯ್ತಾ ಇದೆ" ಎಂದರು ಉಳಿದವರು. ಪ್ರೋದಾನ್ ಮತ್ತೆ ಸೌಟು ಹಿಡಿದ.

ಮೂರು ಗಂಟೆಗೆ ಕೆಳಗಿನ ಮನೆಯ ಕೇರಾ ಬಂದಳು. ಹನ್ನೊಂದು ವರ್ಷದಿಂದ ಇಡೀ ಕಟ್ಟಡದ ಮೇಲ್ವಿಚಾರಣೆ ಅವಳದೇ. "ನಮ್ಮನೆ ದೀಪದಿಂದ ನೀರು ತೊಟ್ಟಿಕ್ತಾ ಇದೆ" ಎನ್ನುತ್ತಾ ಒಳಬಂದವಳು ಕೋಣೆಯನ್ನೊಮ್ಮೆ ನೋಡಿ, ಬೆರಳು ಮಡಚಿ ಏನನ್ನೋ ಎಣಿಸಿ, ಇಳಿದು ಹೋದಳು. ಒಂದು ದಪ್ಪ ಪುಸ್ತಕ ಹಿಡಿದು ಮರಳಿ ಬಂದು ಮೂಲೆಯಲ್ಲಿ ಕೂತಳು. ತನ್ನ ಅಪರಾಧಗಳ ಪಟ್ಟಿ ಬರೆಯುತ್ತಿದ್ದಾಳೆಂದುಕೊಂಡ ಪ್ರೋದಾನ್ ಸೌಟನ್ನು ಇನ್ನೂ ಬೇಗ ಆಡಿಸಿದ.

ನಾಲ್ಕಕ್ಕೆ ರುಮಿಯಾನಾ ಬಂದಳು. ಚೀಲ ಹಿಡಿದು ಬಾಗಿಲಲ್ಲೇ ನಿಂತಳು.

"ಏನಾಗ್ತಾ ಇದೆ ನಮ್ಮನೇಲಿ?"

ಪ್ರೋದಾನ್ ಸೌಟು ನಿಲ್ಲಿಸದೆಯೇ ಎಲ್ಲವನ್ನೂ ಹೇಳಿದ. ಮೂರು ವರ್ಷದಲ್ಲಿ ಅವಳೊಡನೆ ಅವನಾಡಿದ ಅತಿ ದೊಡ್ಡ ಮಾತು ಅದು.

"ಅವು ಗುರಾಮಿ ಮೀನು, ಪ್ರೋದಾನ್" ಎಂದಳು ರುಮಿಯಾನಾ ನಿಧಾನವಾಗಿ. "ನಿಂತ ನೀರಲ್ಲಿ ಬೆಳೆಯೋವು. ಮೇಲೆ ಬಂದು ಬಾಯಿಂದಾನೇ ಗಾಳಿ ಕುಡೀತವೆ. ಬರದೇ ಇದ್ರೆ ಹೆದರ್ಬೇಕು."

ಎಲ್ಲರ ಕಣ್ಣೂ ಗಾಂಚೊನತ್ತ ತಿರುಗಿತು.

"ಕೊಳವೆ ಮುಟ್ಬೇಡ ಅಂತ ಬೆಳಿಗ್ಗೆಯಿಂದ ಬಡ್ಕೊಂಡೆ" ಎಂದ ಗಾಂಚೊ.

ಪ್ರೋದಾನನಿಗೆ ತಾನೂ ಮರಳಿನ ಜೊತೆ ತೊಟ್ಟಿಯ ತಳ ಸೇರಿದರೆ ಸಾಕೆನಿಸಿತು. ರುಮಿಯಾನಾ ಫಿಲ್ಟರ್ ಆರಿಸಿ, ಅಡಿಯಿಂದ ಮುಡಿಯವರೆಗೆ ತೊಯ್ದ ಅವನನ್ನು ದಿಟ್ಟಿಸಿದಳು.

"ಇಡೀ ದಿನ ಹೀಗೇ ಸುರೀತಾ ಇದ್ರಾ?"

"ಊಟಕ್ಕೆ ಐದು ನಿಮಿಷ ಬಿಟ್ಟಿದ್ದೆ."

ಅವಳ ತುಟಿಯಂಚು ಅದುರಿತು. ನಗುವೋ ಅಳುವೋ ಅವನಿಗೆ ಗೊತ್ತಾಗಲಿಲ್ಲ. ಅವಳು ಏನೋ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕೇರಾ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಹೋಗೋ ಹಾಗಿಲ್ಲ. ಹನ್ನೊಂದು ವರ್ಷದಿಂದ ನಿವಾಸಿಗಳ ಸಭೆ ಕರೆದೂ ಕರೆದೂ ಗಂಟಲು ಒಣಗಿದೆ. ಒಂದ್ಸಲಾನೂ ಮೂರು ಮನೆಯವರ ಮೇಲೆ ಬಂದಿಲ್ಲ. ಈಗ ಹತ್ತರಲ್ಲಿ ಒಂಬತ್ತು ಮನೆಯವರು ಇಲ್ಲೇ ಇದೀರಿ. ಸಭೆ ಶುರುವಾಗಿದೆ. ಹೊಣೆ ಯಾರು ಹೊರ್ತೀರಿ?"

ಎಲ್ಲರೂ ನೆಲ ನೋಡತೊಡಗಿದರು. ಸೋರುವ ಚಾವಣಿ, ಕೆಟ್ಟು ನಿಂತ ಲಿಫ್ಟು, ಮೆಟ್ಟಿಲು ತೊಳೆಯುವ ಸರದಿಯ ಜಗಳ. ಮೇಲ್ವಿಚಾರಕನ ಆ ಕೆಲಸ ಶತ್ರುವಿಗೂ ಬೇಡ. ಪ್ರೋದಾನನ ಕಿವಿಗೆ ಬಿದ್ದದ್ದು ಹೊಣೆ ಎಂಬ ಮಾತೊಂದೇ. ನೀರು ಸೋರಿದ್ದರ ಹೊಣೆ ಇರಬೇಕು. ಇನ್ನೇನು ಮಾನ ಉಳಿದಿದೆ ಎಂದುಕೊಂಡು ಒದ್ದೆ ಕೈ ಎತ್ತಿದ.

"ನಂದೇ. ಎಲ್ಲಾ ನಾನೇ ಸರಿಮಾಡ್ತೀನಿ."

"ಪ್ರೋದಾನ್ ತಾನಾಗೇ ಮುಂದೆ ಬಂದಿದಾರೆ" ಎಂದು ಕೇರಾ ಬರೆದುಕೊಂಡಳು. "ಒಪ್ಪಿಗೆ ಇರೋರು?"

ಕ್ಷಣದಲ್ಲಿ ಕೋಣೆ ತುಂಬ ಕೈಗಳೆದ್ದವು. ಮೊಟ್ಟಮೊದಲು ಎದ್ದದ್ದು ರುಮಿಯಾನಾಳದು.

"ನಾಲ್ಕು ಮೀನಿಗೆ ಇಷ್ಟು ಒದ್ದಾಡಿದವರು ನಮ್ಮನ್ನ ಬಿಟ್ಬಿಡ್ತಾರಾ?" ಎಂದಳು ಅವಳು.

ಕೇರಾ ಆ ದಪ್ಪ ಪುಸ್ತಕವನ್ನು ಹೊಸ ಮೇಲ್ವಿಚಾರಕನ ಕೈಗಿಟ್ಟು, ಹನ್ನೊಂದು ವರ್ಷದ ನಿಟ್ಟುಸಿರು ಬಿಟ್ಟು, ಕುರ್ಚಿಯಲ್ಲಿ ಆರಾಮಾಗಿ ಒರಗಿದಳು.

"ಮೊದಲ್ನೇ ದೂರು ನಂದೇ. ಬರ್ಕೊಳಿ" ಎಂದಳು. "ಮೇಲ್ಗಡೆ ಮನೇಲಿ ಯಾರೋ ಬೆಳಿಗ್ಗೆಯಿಂದ ನೀರು ಚೆಲ್ತಾ ಇದಾರೆ. ಯಾರು ಅಂತ ವಿಚಾರಿಸಿ, ಕಠಿಣವಾಗಿ ಎಚ್ಚರಿಕೆ ಕೊಡಿ."